ಗುಲಾಬಿ ತೋಟದಲ್ಲಿ ಮೂರು ದಿನ

ಹೊಳೆದಂಡೆಯ ಮಠದಲ್ಲಿ ನಿರ್ವಾಣಯ್ಯನವರೆಂಬ ಗುರು ಇದ್ದರು. ಅವರ ಶಿಷ್ಯ ಮರುಳಸಿದ್ಧ.

ಮಗಳು ತೀರಿಕೊಂಡ ವರ್ಷ ಅವನು ಮಠಕ್ಕೆ ಬಂದವನು. ಒಂಬತ್ತು ವರ್ಷ ಗುಲಾಬಿ ಬೆಳೆಸಿದ. ಗಿಡಗಳ ಜೊತೆ ದಿನವಿಡೀ ಮಾತಾಡುತ್ತಿದ್ದ. ಮನುಷ್ಯರು ಕೇಳಿದರೆ ಮಾತ್ರ ಉತ್ತರ ಕೊಡುತ್ತಿದ್ದ.

ಒಂದು ದಿನ ಗುರುಗಳು ತೋಟಕ್ಕೆ ಬಂದರು.

“ಈ ಕೆಲಸ ನಿನ್ನೊಬ್ಬನ ಕೈಯಲ್ಲೇ ಉಳಿದಿದೆ. ಊರಿನವರಿಗೆ ಮೂರು ದಿನ ತರಬೇತಿ ಕೊಡು.”

“ನನಗೆ ಮಾತು ಬರುವುದಿಲ್ಲ, ಬುದ್ಧಿ.”

“ಗಿಡಗಳು ಹಾಗೆ ಹೇಳುವುದಿಲ್ಲವಲ್ಲ.”

ಮೊದಲ ದಿನ ಹದಿನೇಳು ಜನ ಬಂದರು. ಮಣ್ಣು, ಗೊಬ್ಬರ, ಹುಳು, ಸವರುವ ಕಾಲ, ಎಲ್ಲವನ್ನೂ ಮರುಳಸಿದ್ಧ ಒಂದೇ ಉಸಿರಿಗೆ ಹೇಳಿದ. ಯಾರೂ ಏನೂ ಕೇಳಲಿಲ್ಲ. ಕೇಳಲು ಅವನು ಬಿಡುವೇ ಕೊಡಲಿಲ್ಲ.

ಎರಡನೆಯ ದಿನ ಬಂದವರು ಆರು ಜನ. ಅಂದು ಕಸಿ ಕಟ್ಟುವುದನ್ನು ತೋರಿಸಿದ. ಹಾಲಮ್ಮ ಎಂಬಾಕೆ ತಪ್ಪು ಜಾಗದಲ್ಲಿ ರೆಂಬೆ ಕೊಯ್ದಳು. ಮರುಳಸಿದ್ಧ ಅವಳ ಕೈಯಿಂದ ಚಾಕು ಕಿತ್ತುಕೊಂಡ.

“ಕೊಡಿ ಇಲ್ಲಿ! ನಾಲ್ಕು ವರ್ಷದ ಗಿಡ ಅದು!”

ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಸಂಜೆ ಗುರುಗಳು ಕೇಳಿದರು: “ಗಿಡ ಹೇಗಿದೆ?”

“ಚಿಗುರುತ್ತದೆ, ಬುದ್ಧಿ.”

“ಹಾಲಮ್ಮ?”

ಅವನು ತಲೆ ತಗ್ಗಿಸಿದ. “ನಾಳೆ ಯಾರೂ ಬರುವುದಿಲ್ಲ. ನಾನೂ ಹೋಗುವುದಿಲ್ಲ.”

“ಯಾರೂ ಬರಲಿಲ್ಲ ಎನ್ನುವುದಕ್ಕಾದರೂ ಅಲ್ಲಿ ನೀನು ಇರಬೇಕಲ್ಲ.”

ಬೆಳಿಗ್ಗೆ ಮರುಳಸಿದ್ಧ ಹಾಲಮ್ಮನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, “ತಪ್ಪಾಯಿತು ತಾಯಿ” ಎಂದ.

“ಇರಲಿ ಬಿಡಿ” ಎಂದಳು ಅವಳು. ಆದರೆ ತೋಟಕ್ಕೆ ಬರಲಿಲ್ಲ.

ಖಾಲಿ ಚಾಪೆಗಳ ಎದುರು ಅವನೊಬ್ಬನೇ ಕೂತ. ಬಿಸಿಲೇರಿದ ಮೇಲೆ ಅಂಬಿಗರ ಗುಡ್ಡಪ್ಪ ಬಂದು ಹಿಂದಿನ ಚಾಪೆಯ ಮೇಲೆ ಕೂತ. ಮೊದಲೆರಡು ದಿನವೂ ಅವನು ಅಲ್ಲೇ ಕೂತಿದ್ದ.

“ಎಷ್ಟು ಗಿಡ ಹಾಕಬೇಕು ಅಂತಿದ್ದೀರಿ?” ಮರುಳಸಿದ್ಧ ಕೇಳಿದ.

“ಗಿಡವೇ? ನನಗೆ ಹಿತ್ತಲೇ ಇಲ್ಲ ಅಣ್ಣ. ಮನೆ ಇರೋದು ಬಂಡೆ ಮೇಲೆ.”

“ಮತ್ತೆ ಯಾಕೆ ಬಂದಿರಿ?”

ಗುಡ್ಡಪ್ಪ ಹೊಳೆಯ ಕಡೆ ನೋಡಿದ. “ಸೇತುವೆ ಆಗೋಕೆ ಮುಂಚೆ ದಿನಾ ನೂರು ಜನ ನನ್ನ ದೋಣಿ ಹತ್ತಿ ಇಳೀತಿದ್ರು. ಈಗ ನನ್ನನ್ನ ಮಾತಾಡಿಸೋರಿಲ್ಲ. ಇಲ್ಲಿ ಯಾರೋ ಮಾತಾಡ್ತಾರೆ ಅಂದರು. ಬಂದೆ.”

ಮರುಳಸಿದ್ಧ ತನ್ನ ಜಾಗದಿಂದ ಎದ್ದು ಹೋಗಿ ಗುಡ್ಡಪ್ಪನ ಪಕ್ಕದಲ್ಲಿ ಕೂತ.

ಸಂಜೆ ಅವನು ಗುರುಗಳ ಬಳಿ ಬಂದ.

“ತರಬೇತಿ ಹಾಳಾಯಿತು, ಬುದ್ಧಿ. ಉಳಿದದ್ದು ಒಬ್ಬ. ಅವನಿಗೂ ಗಿಡ ಬೇಕಾಗಿಲ್ಲ.”

“ಮತ್ತೆ ಇಷ್ಟು ಹೊತ್ತು ಇಬ್ಬರೂ ಏನು ಮಾಡಿದಿರಿ?”

“ಅವನು ನೆರೆ ಬಂದ ವರ್ಷದ ಕಥೆ ಹೇಳಿದ. ನಾನು...” ಮರುಳಸಿದ್ಧ ತಡೆದ. “ನಾನು ಮಗಳ ವಿಷಯ ಹೇಳಿದೆ.”

ಒಂಬತ್ತು ವರ್ಷದಲ್ಲಿ ಅವನು ಆ ಮಾತು ಎತ್ತಿರಲಿಲ್ಲ.

“ನಾಳೆಯೂ ಬರುತ್ತಾನಂತೆ, ಬುದ್ಧಿ. ಏನು ಮಾಡಲಿ? ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿದ್ದೇನೆ.”

“ಹೇಳುವುದು ಮುಗಿಯಿತಲ್ಲ,” ಎಂದರು ಗುರುಗಳು. “ಇನ್ನು ಇವತ್ತಿನ ಹಾಗೇ ಕಲಿಸು.”