ಕೇತನ ತುತ್ತು

ಬಾಯಲ್ಲಿ ತುತ್ತಿರುವಾಗ ಮಾತಾಡಕೂಡದು.

ನದಿಯ ದಡದಲ್ಲಿದ್ದ ಅಗ್ಗಳಾರ್ಯರ ಆಶ್ರಮಕ್ಕೆ ಇದ್ದದ್ದು ಇದೊಂದೇ ನಿಯಮ. ಅದನ್ನು ಮುರಿಯದವರು ಅಲ್ಲಿ ಒಬ್ಬರೂ ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಮುರಿದವರು ಅಗ್ಗಳಾರ್ಯರೇ. ಅವರು ವೈದ್ಯರು. ಮನುಷ್ಯರಿಗೂ ಮದ್ದು ಕೊಡುತ್ತಿದ್ದರು, ದನಕರುಗಳಿಗೂ ಕೊಡುತ್ತಿದ್ದರು. ಹಗಲೆಲ್ಲ ಬಿಡುವಿಲ್ಲದ ಕಾರಣ ಊಟದ ಪಂಕ್ತಿಯಲ್ಲೇ ಶಿಷ್ಯರಿಗೆ ಪ್ರಶ್ನೆ ಕೇಳುವ ಪದ್ಧತಿ ಬೆಳೆದುಬಿಟ್ಟಿತ್ತು. ಮೊದಲು ಉತ್ತರ ಹೇಳಿದವನಿಗೆ ಮರುದಿನ ಗುರುಗಳ ಜೊತೆ ರೋಗಿಗಳ ಮನೆಗೆ ಹೋಗುವ ಅವಕಾಶ. ಇಂಥ ಆಸೆ ಕಣ್ಣೆದುರಿಗಿರುವಾಗ ತುತ್ತು ನುಂಗಿ ಮಾತಾಡುವ ತಾಳ್ಮೆ ಯಾರಿಗಿರುತ್ತದೆ?

ಎಲ್ಲರಿಗಿಂತ ಚುರುಕು ಕೇತ. ಅವನ ಉತ್ತರದ ಜೊತೆಗೆ ನಾಲ್ಕು ಅಗುಳೂ ಎದುರಿನ ಎಲೆಗೆ ಬೀಳುತ್ತಿದ್ದವು.

“ಉತ್ತರ ಎಷ್ಟಾದರೂ ಹೇಳು ಮಾರಾಯ, ಅನ್ನ ನಿನ್ನ ಎಲೆಯಲ್ಲೇ ಇರಲಿ,” ಎಂದು ಎದುರು ಕೂರುವ ಬೊಪ್ಪಯ್ಯ ರೇಗುತ್ತಿದ್ದ.

ಕೇತನಿಗೆ ಬೇಕಾಗಿದ್ದದ್ದು ಮದ್ದಿನ ಚೀಲ. ಗುರುಗಳು ಚೀಲ ಕೊಟ್ಟರೆಂದರೆ ಶಿಷ್ಯ ವೈದ್ಯನಾದ, ಇನ್ನು ತಾನೇ ರೋಗಿಗಳನ್ನು ನೋಡಬಹುದು ಎಂದು ಅರ್ಥ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೇಳಿಯೇಬಿಟ್ಟ. “ಗುರುಗಳೇ, ಸತ್ತ ಬೆಕ್ಕು, ಮೇಕೆ, ಬಾವಲಿ, ಹೊಳೆಯಲ್ಲಿ ತೇಲಿಬಂದ ಎಮ್ಮೆ, ಎಲ್ಲದರ ಗಂಟಲನ್ನೂ ಬಿಡಿಸಿ ನೋಡಿದ್ದೇನೆ. ಧ್ವನಿಪೆಟ್ಟಿಗೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಚೀಲ ಯಾವಾಗ ಕೊಡುತ್ತೀರಿ?”

“ಅವೆಲ್ಲಕ್ಕೂ ಆ ಪೆಟ್ಟಿಗೆ ಇತ್ತೋ?”

“ಇತ್ತು.”

“ಯಾತಕ್ಕೆ?”

“ಧ್ವನಿಗೆ. ಹೆಸರೇ ಹೇಳುತ್ತದಲ್ಲ.”

“ಹೆಸರಿಟ್ಟದ್ದು ಮನುಷ್ಯನೋ, ಬೆಕ್ಕೋ?”

ಗುರುಗಳು ಎದ್ದು ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು.

ಅಲ್ಲಿ ಎಳೆಗರು ಹಾಲು ಕುಡಿಯುತ್ತಿತ್ತು.

“ಅದರ ಮೂಗಿನ ಹತ್ತಿರ ಕೈ ಹಿಡಿ.”

ಕೇತ ಹಿಡಿದ. ಕರು ಗುಟುಕರಿಸುತ್ತಲೇ ಇತ್ತು. ಬಿಸಿಯುಸಿರು ಅಂಗೈಗೆ ತಾಕುತ್ತಲೇ ಇತ್ತು. ಎರಡರಲ್ಲಿ ಯಾವುದೂ ನಿಲ್ಲಲಿಲ್ಲ.

ಗುರುಗಳು ತಂಬಿಗೆ ನೀರು ಕೊಟ್ಟರು. “ನೀನೂ ಹಾಗೇ ಕುಡಿ. ಉಸಿರು ನಿಲ್ಲಿಸಬೇಡ.”

ಎರಡು ಗುಟುಕು ಇಳಿಯುವಷ್ಟರಲ್ಲಿ ನೀರು ಕೇತನ ಮೂಗಿನಿಂದ ಚಿಮ್ಮಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ಹಸು ತಿರುಗಿ ನೋಡಿತು. ಕರು ಅಷ್ಟೂ ಮಾಡಲಿಲ್ಲ.

“ಕರುವಿನ ಪೆಟ್ಟಿಗೆ ಮೇಲಿದೆ,” ಎಂದರು ಗುರುಗಳು. “ಮೂಗಿನ ದಾರಿಗೇ ಹೋಗಿ ತಾಗಿಕೊಂಡಿದೆ. ಗಾಳಿ ನಡುವೆ ಹೋಗುತ್ತದೆ, ಹಾಲು ಅಕ್ಕಪಕ್ಕದಿಂದ ಇಳಿಯುತ್ತದೆ. ಎಳೆಗೂಸಿಗೂ ಹಾಗೇ. ಬೆಳೆದಂತೆ ನಮ್ಮದು ಕೆಳಗಿಳಿಯುತ್ತದೆ. ಆಮೇಲೆ ಗಾಳಿಯೂ ಅನ್ನವೂ ಒಂದೇ ದಾರಿಯಲ್ಲಿ ಬಂದು ಕವಲೊಡೆಯಬೇಕು.”

“ಇಳಿದದ್ದರಿಂದ ತಾನೇ ನಮಗೆ ಮಾತು ಬಂದದ್ದು?”

“ಬೊಗಳುವಾಗ ನಾಯಿಯದೂ ಇಳಿಯುತ್ತದೆ.”

“ನಾಯಿಯದೂ?”

“ಬೊಗಳಿ ಮುಗಿದ ಮೇಲೆ ಅದರದು ಮತ್ತೆ ಮೇಲಕ್ಕೆ ಹೋಗುತ್ತದೆ. ನಮ್ಮದು ಇಳಿದದ್ದು ಇಳಿದ ಹಾಗೇ.”

ಕೇತ ನಗಲು ಹೋಗಿ ಮತ್ತೆ ಕೆಮ್ಮಿದ.

“ಧ್ವನಿಯಿಲ್ಲದೆ ಎಷ್ಟು ದಿನ ಬದುಕುತ್ತೀಯ?”

“ಎಷ್ಟು ದಿನ ಬೇಕಾದರೂ.”

“ಆ ಪೆಟ್ಟಿಗೆ ನಿನ್ನನ್ನು ಹೀಗೆ ಕೆಮ್ಮಿಸದೇ ಹೋಗಿದ್ದರೆ?”

ಕೇತ ಎದೆ ಉಜ್ಜಿಕೊಂಡ. ನೀರು ತಪ್ಪಿ ಹೋದ ದಾರಿ ಎದೆಯಲ್ಲಿ ಇನ್ನೂ ಉರಿಯುತ್ತಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ರಾಗಿಮುದ್ದೆ, ಸೊಪ್ಪಿನ ಸಾರು. ಗುರುಗಳು ಪಂಕ್ತಿಗೆ ಬರುವಾಗ ಮದ್ದಿನ ಚೀಲವನ್ನೂ ತಂದು ಎಲೆಯ ಪಕ್ಕ ಇಟ್ಟರು. ಎಲ್ಲರ ಕಣ್ಣೂ ಅಲ್ಲೇ.

“ಧ್ವನಿಪೆಟ್ಟಿಗೆಯ ಮೊದಲ ಕೆಲಸ ಏನು?” ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ಕೇಳಿ, ಗುರುಗಳು ಚೀಲದ ಮೇಲೆ ಕೈಯಿಟ್ಟರು.

ಕೇತ ಆಗಷ್ಟೇ ದೊಡ್ಡ ತುತ್ತು ಬಾಯಿಗಿಟ್ಟಿದ್ದ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹಿಂದೆ ಮುದ್ದೆಯೂ ಇತ್ತು.

“ಮಾತು!” ಎಂದ ಒಬ್ಬ.

“ಹಾಡು!”

“ಕೂಗು, ಗುರುಗಳೇ, ಕೂಗು!”

ಕೇತ ತುಟಿ ಬಿಗಿದು ಕೂತ. ಬೆಳಿಗ್ಗೆ ಅಷ್ಟು ಚೊಕ್ಕವಾಗಿ ಕಲಿತದ್ದನ್ನು ಒಂದು ತುತ್ತು ತಡೆದು ನಿಲ್ಲಿಸಿತ್ತು.

“ಉಸಿರಿನ ದಾರಿ ಕಾಯೋದು!” ಎಂದು ಕಿರುಚಿದ ಬೊಪ್ಪಯ್ಯ. ಕಿರುಚಿದ್ದೇ ತಡ, ಮುದ್ದೆ ಆ ದಾರಿಗೇ ನುಗ್ಗಿತು. ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕೇತನೇ ಹಾರಿಹೋಗಿ ಅವನನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದ. ಮುದ್ದೆ ಹೊರಬಿತ್ತು. ಎಲ್ಲರೂ ನಿರಾಳವಾಗಿ ಉಸಿರಾಡಿದರು.

ಕೇತ ವಾಪಸು ಬಂದು ಎಲೆಯ ಮುಂದೆ ಕೂತ. ಸರಿಯುತ್ತರ ಬಂದಾಯಿತು, ಚೀಲ ಬೊಪ್ಪಯ್ಯನದಾಯಿತು ಎಂದುಕೊಂಡ. ಬೇಸರ ಮುಖದಲ್ಲಿ ಕಾಣದಿರಲಿ ಎಂದು ಮತ್ತೊಂದು ತುತ್ತು ಬಾಯಿಗಿಟ್ಟ.

“ಕೇತ,” ಎಂದರು ಗುರುಗಳು. “ನಿನಗೆ ಉತ್ತರ ಗೊತ್ತಿರಲಿಲ್ಲವೇ? ಹೇಳು.”

ಕೇತ ಎಡಗೈ ಎತ್ತಿ, ತಡೆಯಿರಿ ಎಂಬಂತೆ ಅಂಗೈ ತೋರಿಸಿದ.

ಪಂಕ್ತಿಗೆ ಪಂಕ್ತಿಯೇ ದಂಗಾಯಿತು. “ಗುರುಗಳನ್ನೇ ಕಾಯಿಸ್ತೀಯೇನೋ!” ಎಂದು ಪಕ್ಕದವನು ತೊಡೆ ಚಿವುಟಿದ. ಕೇತ ಕೈ ಇಳಿಸಲಿಲ್ಲ. ಅವಸರವನ್ನೂ ಮಾಡಲಿಲ್ಲ.

ಗುರುಗಳು ಅವನ ಗಂಟಲನ್ನೇ ನೋಡುತ್ತಿದ್ದರು. ಅಲ್ಲಿಯ ಉಬ್ಬು ಮೇಲಕ್ಕೇರಿತು, ಒಂದು ಚಣ ನಿಂತಿತು, ಮತ್ತೆ ಕೆಳಗಿಳಿಯಿತು.

ಕೇತ ಮಾತಾಡಲು ಬಾಯಿ ತೆರೆಯುವ ಮೊದಲೇ ಗುರುಗಳು ಎದ್ದು ಬಂದು, ಚೀಲವನ್ನು ಅವನ ಹೆಗಲಿಗೆ ಹಾಕಿದರು. ತಮ್ಮ ಎಲೆಗೆ ಮರಳಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು.

ಬೊಪ್ಪಯ್ಯನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಉತ್ತರ ಹೇಳಿದ್ದು ನಾನು!” ಎಂದ, ಒಡೆದ ಧ್ವನಿಯಲ್ಲಿ. “ನನ್ನ ಉತ್ತರ ತಪ್ಪೇ?”

ಅಗ್ಗಳಾರ್ಯರು ಎಡಗೈ ಎತ್ತಿ ಅಂಗೈ ತೋರಿಸಿದರು.

ಎಲ್ಲರೂ ಕಾದರು. ಮುದುಕರ ಸುಕ್ಕುಗಟ್ಟಿದ ಕೊರಳಲ್ಲಿ ಉಬ್ಬು ನಿಧಾನವಾಗಿ ಏರಿ, ನಿಧಾನವಾಗಿ ಇಳಿಯಿತು.

“ಉತ್ತರ ಸರಿಯಪ್ಪ,” ಎಂದರು ಅವರು. “ನಿನ್ನ ಗಂಟಲೇ ಒಪ್ಪಲಿಲ್ಲ.”