ಕೆನ್ನೆಯ ಮೇಲಿನ ಬೊಟ್ಟು

“ಗುರುಗಳೇ, ಹೊಸ ಫೋನಿನ ಫೋಟೋದಲ್ಲಿ ಹುಬ್ಬಿನ ಕೂದಲನ್ನೂ ಎಣಿಸಬಹುದು. ಆದರೂ ನಮ್ಮಣ್ಣ ಎಲ್ಲಿಂದಲೋ ಒಂದು ಹಳೇ ಫೋನು ಹುಡುಕಿ ತಂದು, ಅದರ ಮಬ್ಬು ಫೋಟೋಗಳೇ ಚೆಂದ ಎನ್ನುತ್ತಾನೆ. ಇದು ಬರೀ ಮೋಹವಲ್ಲವೇ?” ಎಂದು ಶಿಷ್ಯ ಕೇಳಿದ.

“ಅಣ್ಣನಿಗೆ ಆಮೇಲೆ ಬುದ್ಧಿ ಹೇಳುವೆಯಂತೆ. ಮೊದಲು ಇದನ್ನು ಕೇಳು” ಎಂದು ಗುರುಗಳು ಶುರುಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅಂಗಡಿಗೆ ಬಂದ ಪ್ರತಿ ಥಾನನ್ನೂ ಬಿಚ್ಚಿ, ಬೆಳಕಿಗೆ ಹಿಡಿದು ನೋಡುವವನು. ಸಾಸಿವೆಯಷ್ಟು ಕಲೆ ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ. ತಪ್ಪೇನಿಲ್ಲ ಬಿಡು, ಅದು ಅವನ ಕಸುಬು. ಕಸುಬು ಅಂಗಡಿಯಲ್ಲಿದ್ದರೆ ಚೆನ್ನ, ಮನೆಗೂ ಹಿಂಬಾಲಿಸಿ ಬಂದರೆ ಕಷ್ಟ.

ಅವನಿಗೊಂದು ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕಿದ ದಿನ ಹೆಂಡತಿ ಮಗುವಿನ ಕೆನ್ನೆಗೆ ಕಾಡಿಗೆಯಿಂದ ದೃಷ್ಟಿ ಬೊಟ್ಟು ಇಟ್ಟಳು. ಮಗು ಮುಖ ತಿರುಗಿಸಿತು, ಬೊಟ್ಟು ಉದ್ದಕ್ಕೆ ಒರಸಿಕೊಂಡಿತು. “ಇರಲಿ ಬಿಡಿ, ದೃಷ್ಟಿಗೆ ಇನ್ನೂ ಒಳ್ಳೆಯದು” ಎಂದು ಅವಳು ನಕ್ಕಳು. ಅವನು ಫೋನಿನಲ್ಲಿ ಫೋಟೋ ತೆಗೆದ. ಬಲ್ಬಿನ ಹಳದಿ ಬೆಳಕಿನಲ್ಲಿ ಅದು ಮಂಕಾಗಿ ಬಂತು. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ಜ್ವರ ಬಂದು ತೀರಿಕೊಂಡಳು.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ವ್ಯಾಪಾರಿ ಹಳೇ ಫೋನು ಕೊಟ್ಟು ಹೊಸದು ತಂದ. ಫೋಟೋಗಳೆಲ್ಲ ಅದಕ್ಕೆ ಬಂದವು. ತೊಟ್ಟಿಲ ದಿನದ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂದು ತೆರೆದ. ಹೊಸ ಫೋನು ಮಹಾ ಜಾಣ. ‘ಕಲೆ ತೆಗೆಯಲೇ?’ ಎಂದು ಕೇಳಿತು. ಕಲೆ ಎಂಬ ಮಾತು ಕಂಡದ್ದೇ ತಡ, ಅವನ ಬೆರಳು ಹೂಂ ಎಂದು ಒತ್ತಿತು. ಮಂಕು ಹೋಯಿತು, ಹಳದಿ ಹೋಯಿತು, ಕೆನ್ನೆ ಬೆಣ್ಣೆಯ ಹಾಗಾಯಿತು. ಹಳೆಯದರ ಮೇಲೆಯೇ ಹೊಸದನ್ನು ಉಳಿಸಿ, ಕಟ್ಟು ಹಾಕಿಸಿ ಮನೆಗೆ ತಂದ.

ಮಗಳು ಬಹಳ ಹೊತ್ತು ನೋಡಿದಳು.

“ಅಪ್ಪ, ನನ್ನ ಗೆಳತಿಯರ ಫೋಟೋದಲ್ಲೆಲ್ಲ ದೃಷ್ಟಿ ಬೊಟ್ಟು ಇದೆ. ಅವ್ವ ನನಗೆ ಇಡುತ್ತಿರಲಿಲ್ಲವಾ?”

“ಇಡುತ್ತಿದ್ದಳು ಪುಟ್ಟಿ. ನಾನೇ ನೋಡಿದ್ದೇನೆ.”

“ಎಲ್ಲಿ?”

ತೋರಿಸಲು ಅವನು ಕೈ ಎತ್ತಿದ. ಬೆರಳು ಎಡಗೆನ್ನೆಗೂ ಬಲಗೆನ್ನೆಗೂ ನಡುವೆ ನಿಂತುಬಿಟ್ಟಿತು. ಯಾವ ಕೆನ್ನೆ ಎಂಬುದು ಅವನಿಗೆ ನೆನಪಿರಲಿಲ್ಲ. ಹಳೇ ಫೋನು ಕೊಟ್ಟ ಅಂಗಡಿಗೆ ಓಡಿದ. ಅದರಲ್ಲಿದ್ದುದನ್ನೆಲ್ಲ ಅಳಿಸಿ ಯಾರಿಗೋ ಮಾರಿ ಆಗಿತ್ತು. ಇನ್ನು ತಲೆ ಚಚ್ಚಿಕೊಂಡರೆ ಏನು ಬಂತು? ಮಗಳು ಮತ್ತೆ ಕೇಳಲಿಲ್ಲ. ಅವ್ವ ಇಟ್ಟೇ ಇರಲಿಲ್ಲ ಎಂದು ತಿಳಿದುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆದರೂ ಅವನು ಮಾಡಿದ್ದು ಪ್ರೀತಿಯಿಂದಲೇ ಅಲ್ಲವೇ ಗುರುಗಳೇ?” ಎಂದ.

“ದೃಷ್ಟಿ ತಾಗದಿರಲೆಂದು ತಾಯಿ ಬೊಟ್ಟು ಇಟ್ಟಳಪ್ಪ, ಅಪ್ಪನ ದೃಷ್ಟಿ ಆ ಬೊಟ್ಟಿಗೇ ತಾಗಿತು.”