ಎರವಲು ವಯಸ್ಸು

ಹಳೆಯ ಬಂಡೆಯಿಂದ ಹೊಳೆ ಕೊಚ್ಚಿ ತಂದಿದ್ದ ಸಾಸಿವೆಯಷ್ಟು ಕಡಲಚಿಪ್ಪೊಂದು, ದಡದ ಎಳೆಯ ಜೇಡಿಪದರದಲ್ಲಿ ನೆಲೆಸಿತ್ತು. ಚಿಪ್ಪು ನೋಡಿ ಪದರದ ವಯಸ್ಸು ಹೇಳುವ ಭೂವಿಜ್ಞಾನಿ ಬಂದಾಗ ಜೇಡಿ ಆ ಹಳೆಯ ಚಿಪ್ಪನ್ನು ಬೇಡಿಕೊಂಡಿತು: “ಅಜ್ಜಿ, ನಾನು ನಿಮ್ಮ ಓರಗೆಯವಳೆಂದು ಹೇಳಿಬಿಡಿ. ಪುರಾತನಳೆಂದರೆ ನನಗೂ ಮರ್ಯಾದೆ.”

“ನಿನ್ನಲ್ಲೇ ಹುಟ್ಟಿದ, ಧೂಳಿನಷ್ಟು ಪುಟಾಣಿ ಚಿಪ್ಪುಗಳು ನಿಜ ಹೇಳಿದರೆ?”

“ನನ್ನ ಮಕ್ಕಳಲ್ಲವೇ? ಬಾಯಿ ಮುಚ್ಚಿಕೊಂಡಿರುತ್ತವೆ.”

ಭೂವಿಜ್ಞಾನಿ ಅವಸರದಲ್ಲಿ ಸಾಸಿವೆಗಿಂತ ಸಣ್ಣದೆಲ್ಲ ಸೋರಿಹೋಗುವ ಜರಡಿ ಹಿಡಿದು ಹಿಡಿ ಹಿಡಿ ಜೇಡಿ ತೊಳೆದ. ಪುಟಾಣಿಗಳು “ಅಮ್ಮಾ!” ಎನ್ನುತ್ತ ಜರಡಿಯಿಂದ ಜಾರಿ ಹೊಳೆಯ ಪಾಲಾದವು. ಉಳಿದ ಅಜ್ಜಿಚಿಪ್ಪನ್ನು ನೋಡಿ ಅವನು ‘ಅತಿ ಪ್ರಾಚೀನ ಪದರ’ ಎಂದು ಬರೆದುಕೊಂಡ.

ಜೇಡಿ ಹಿಗ್ಗಿತು. “ಅಜ್ಜಿ, ನನ್ನ ಮಕ್ಕಳನ್ನು ಕರೆಯಿರಿ, ಅವೂ ಕೇಳಲಿ.”

“ಯಾವ ಮಕ್ಕಳು?” ಎಂದಿತು ಚಿಪ್ಪು. “ನೀನೀಗ ನನ್ನ ಓರಗೆಯವಳು; ಅಷ್ಟು ಹಿಂದೆ ಅವು ಹುಟ್ಟಿಯೇ ಇರಲಿಲ್ಲವಲ್ಲ.”